ಎರ್ರಗುಂಟೆ ತಂತಿಯ ಮೂರನೆಯ ಕಿವಿ

ಮುನಿರಾಮಪ್ಪನ ಹೆಣ ಎರ್ರಗುಂಟೆ ಕೆರೆಯ ಕೆಸರಿನಲ್ಲಿ ಸಿಕ್ಕಿದ ಮರುದಿನ, ನಾನು ಮಠದಿಂದ ತೀರ್ಥ ತೆಗೆದುಕೊಂಡು ಬರುವಷ್ಟರಲ್ಲಿ ಸುಬ್ಬರಾಯಪ್ಪನವರ ಜಗಲಿಯ ಮೇಲೆ ಹೆಂಗಸೊಬ್ಬಳು ಕುಳಿತಿದ್ದಳು. ತಲೆ ಬಾಚಿರಲಿಲ್ಲ. ಬರಿಗಾಲಲ್ಲಿ ಬಂದಿದ್ದಳು. ದಿನವೂ ನನ್ನ ಪೂಜೆಗೆ ಹೂವು ಕೊಡುವ ಆಂಜಿನಮ್ಮನೆಂದು ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು.

“ಅಣ್ಣಾ, ನನ್ನ ಮಗಳನ್ನ ಸ್ಟೇಷನ್‌ಗೆ ಕರ್ಕೊಂಡೋದ್ರು. ಮುದುಕನ್ನ ಸಾಯ್ಸೋಕೆ ಇವಳೇ ದಾರಿ ತೋರ್ಸಿದ್ಲಂತೆ. ಕೂತಲ್ಲಿಂದ ಏಳದೆ ಇರೋ ಕೆಲ್ಸ ಅಣ್ಣಾ ಅವಳ್ದು. ಎಲ್ಲಿಂದ ದಾರಿ ತೋರ್ಸ್ತಾಳೆ?”

“ಅಳಬೇಡಮ್ಮ. ಮೊದಲು ನೀರು ಕುಡಿ” ಎಂದರು ಸುಬ್ಬರಾಯಪ್ಪ.

ಸುಬ್ಬರಾಯಪ್ಪನವರು ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಮುಳಬಾಗಿಲಿನಲ್ಲಿ ನೆಲೆಸಿದವರು. ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಊರಿನಲ್ಲಿ ಪೊಲೀಸರ ಕೈಗೆ ಹತ್ತದ ಸಂಗತಿ ಯಾವುದಾದರೂ ನಡೆದರೆ ಜನ ಇವರ ಬಾಗಿಲಿಗೆ ಬರುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದವನು. ನನ್ನ ಮನೆಯಾಕೆ ತೀರಿಕೊಂಡ ವರ್ಷ ಅದು. ಬೆಳಗಿನ ಪೂಜೆ ಬಿಟ್ಟರೆ, ಸುಬ್ಬರಾಯಪ್ಪನವರ ಹಿಂದೆ ಅಲೆಯುವುದೊಂದೇ ನನಗೆ ಉಳಿದಿದ್ದ ಕೆಲಸ.

ಆಂಜಿನಮ್ಮನ ಮಗಳು ಆದಿಲಕ್ಷ್ಮಿ ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಸತ್ತ ಮುನಿರಾಮಪ್ಪ ಜಮೀನುದಾರ ಚನ್ನರಾಯಪ್ಪನ ಬಳಿ ಬಹಳ ಕಾಲ ಮೇಸ್ತ್ರಿಯಾಗಿದ್ದವನು. ಯಾವ ಹೊಲವನ್ನು ಯಾರು ಉಳುತ್ತಿದ್ದರೆಂಬುದು ಅವನಷ್ಟು ಬೇರೆ ಯಾರಿಗೂ ತಿಳಿಯದು. ಉಳುವವರಿಗೇ ಭೂಮಿ ಎಂಬ ಕಾನೂನು ಬಂದು, ಗೇಣಿದಾರರ ಅರ್ಜಿಗಳು ಭೂ ನ್ಯಾಯಮಂಡಳಿಯ ಮುಂದೆ ವಿಚಾರಣೆಗೆ ನಿಂತಿದ್ದ ಕಾಲ ಅದು. ಮುನಿರಾಮಪ್ಪ ಸಾಕ್ಷಿ ಹೇಳಲು ಒಪ್ಪಿದ್ದ. ಒಪ್ಪಿದ ವಾರವೇ ಚನ್ನರಾಯಪ್ಪನ ಆಳುಗಳು ಅವನನ್ನು ಹಿಡಿದು ಹೊಡೆದಿದ್ದರು. ಹೆದರಿದ ಮುದುಕ ಟೇಕಲ್‌ನಲ್ಲಿದ್ದ ಮಗಳ ಮನೆ ಸೇರಿದ್ದ. ವಿಚಾರಣೆ ಸೋಮವಾರಕ್ಕೆ ಗೊತ್ತಾಗಿತ್ತು. ಭಾನುವಾರ ಅವನು ಗುಟ್ಟಾಗಿ ಎರ್ರಗುಂಟೆಗೆ ಬರುವಾಗ, ಯಾರೋ ಕೆರೆ ಕಟ್ಟೆಯ ಮೇಲೆ ಅವನ ತಲೆ ಒಡೆದು ಕೆಳಗೆ ಉರುಳಿಸಿದ್ದರು.

ಸ್ಟೇಷನ್ನಿನಲ್ಲಿ ಸಬ್‌ಇನ್‌ಸ್ಪೆಕ್ಟರ್ ಕದಿರೇಶ ನಮಗೆ ಕುರ್ಚಿ ಹಾಕಿಸಿದ. ಒಳ್ಳೆಯ ಹುಡುಗ. ಆದರೆ ಅವನ ಲೆಕ್ಕ ಆಗಲೇ ಮುಗಿದಿತ್ತು.

“ನೋಡಿ ಸಾರ್, ಕಟ್ಟೆ ಮೇಲೆ ಬರ್ತಾನೆ ಅಂತ ಗೊತ್ತಿದ್ದೋರು ಮೂರೇ ಜನ. ಮುದುಕ ಸತ್ತ. ಎರ್ರಗುಂಟೆಲಿ ಗೇಣಿ ಅರ್ಜಿ ಹಾಕಿರೋ ಅಕ್ಕಯಮ್ಮನ ಜಮೀನಿಗೆ ಅವನೇ ಸಾಕ್ಷಿ, ಅವಳು ಯಾಕೆ ಕೊಲ್ಲಿಸ್ತಾಳೆ? ಉಳಿದೋಳು ಈ ಹುಡುಗಿ. ಇವಳ ಸೋದರಮಾವ ಚನ್ನರಾಯಪ್ಪನ ಮನೆ ಗುಮಾಸ್ತ. ಇನ್ನೇನು ಬೇಕು?”

ಆದಿಲಕ್ಷ್ಮಿ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ಊದಿಕೊಂಡಿದ್ದವು. ಸುಬ್ಬರಾಯಪ್ಪನವರು ಅವಳನ್ನು ಕೂರಿಸಿ, “ಶನಿವಾರ ಏನಾಯ್ತು, ಮೊದಲಿಂದ ಹೇಳು ಮಗಾ” ಎಂದರು.

“ಮಧ್ಯಾಹ್ನ ಟೇಕಲ್‌ನಿಂದ ಟ್ರಂಕ್ ಕಾಲ್ ಬಂತು ತಾತ. ಎರ್ರಗುಂಟೆ ಸೊಸೈಟಿಗೆ, ಅಕ್ಕಯಮ್ಮನ್ನ ಕರೀಬೇಕು ಅಂತ. ಜೋಡಿಸಿಕೊಟ್ಟು ನಾನು ಬೇರೆ ಕಾಲ್ ನೋಡ್ತಿದ್ದೆ. ಚೆನ್ನಾಗೇ ಮಾತಾಡ್ಕೊಳ್ತಿದ್ರು. ಸ್ವಲ್ಪ ಹೊತ್ತಿಗೆ ಕೋಲಾರ ಎಕ್ಸ್‌ಚೇಂಜಿನವರು ಕೂಗಿದ್ರು, ಅಕ್ಕಯಮ್ಮನ ದನಿ ಇಳಿದೋಯ್ತು, ಟೇಕಲ್‌ಗೆ ಏನೂ ಕೇಳಿಸ್ತಿಲ್ಲ, ನೀನೇ ಕೇಳಿ ಹೇಳು ಅಂತ. ಅಕ್ಕಯಮ್ಮ ಹೇಳಿದ್ನ ನಾನು ಹಾಗೇ ಹೇಳ್ದೆ. ಬಸ್‌ಸ್ಟ್ಯಾಂಡಿಗೆ ಬರ್ಬೇಡ, ಗೇಟ್‌ನಲ್ಲಿ ಇಳಿದು ಕಟ್ಟೆ ಮೇಲೆ ಬಾ, ಅಂತ. ಅಷ್ಟೇ ತಾತ. ಯಾವ ಕಟ್ಟೆ ಅಂತ್ಲೂ ನಾನು ಕೇಳ್ಲಿಲ್ಲ.”

“ದನಿ ಮೆಲ್ಲಗೆ ಇಳೀತೋ, ಒಮ್ಮೆಗೇ ಇಳೀತೋ?”

ಹುಡುಗಿ ಯೋಚಿಸಿದಳು. “ಎರಡು ಸಲ ಇಳೀತು ತಾತ. ಮೊದಲು ಒಂಚೂರು. ಆಮೇಲೆ ದಬಕ್ಕನೆ ಪೂರ್ತಿ.”

“ಆ ತಂತಿಯಲ್ಲಿ ಇನ್ನೂ ಯಾರಿದ್ದಾರೆ?”

ಉತ್ತರ ಕೊಟ್ಟವನು ಕದಿರೇಶ. “ಅದನ್ನೂ ವಿಚಾರಿಸಿದೀನಿ ಸಾರ್. ಒಂದೇ ತಂತಿ, ಮೂರು ಫೋನು. ಎರ್ರಗುಂಟೆ ಸೊಸೈಟಿ, ಮೋಟುಪಲ್ಲಿ ಆಸ್ಪತ್ರೆ, ಬಂಡಹಳ್ಳಿ ಪೋಸ್ಟಾಫೀಸು. ಗಂಟೆ ಮೂರು ಕಡೇನೂ ಹೊಡೆಯುತ್ತೆ, ಯಾರು ಬೇಕಾದ್ರೂ ಎತ್ತಿ ಕೇಳ್ಬೋದು. ಆದ್ರೆ ಮೋಟುಪಲ್ಲಿಗೂ ಬಂಡಹಳ್ಳಿಗೂ ನಡುವೆ ಗುರುವಾರವೇ ತಂತಿ ಕದ್ದಿದ್ದಾರೆ. ರಸ್ತೆಯಲ್ಲಿ ಬಂಡಹಳ್ಳಿ ಕೊನೇದು, ಅದು ಸತ್ತುಹೋಯ್ತು. ಪೋಸ್ಟ್‌ಮಾಸ್ಟರೇ ಹೇಳಿದ್ರು. ಮೋಟುಪಲ್ಲಿ ಆಸ್ಪತ್ರೆಗೆ ಶನಿವಾರ ಮಧ್ಯಾಹ್ನ ಬೀಗ. ಕೇಳೋದಕ್ಕೆ ಯಾರೂ ಇರ್ಲಿಲ್ಲ.”

ಮನೆಗೆ ಬಂದವರೇ ಸುಬ್ಬರಾಯಪ್ಪನವರು ನನ್ನ ನಡುಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದರು. ಮನೆಯಾಕೆ ಇದ್ದಿದ್ದರೆ ಗದರುತ್ತಿದ್ದಳು. ಈಗ ಆ ನೆಲಕ್ಕೆ ಏನೇ ಆದರೂ ಕೇಳುವವರಿಲ್ಲ. ಒಂದು ಚುಕ್ಕಿ ಟೇಕಲ್, ಒಂದು ಮಾಲೂರು, ಒಂದು ಕೋಲಾರ, ಒಂದು ಮುಳಬಾಗಿಲು. ಚುಕ್ಕಿಯಿಂದ ಚುಕ್ಕಿಗೆ ಗೆರೆ. ಕೋಲಾರದ ಚುಕ್ಕಿಯಿಂದ ಇನ್ನೊಂದು ಕವಲು ಶ್ರೀನಿವಾಸಪುರಕ್ಕೆ. ನೋಡನೋಡುತ್ತ ನೆಲದ ಮೇಲೆ ಜೇಡನ ಬಲೆಯಂತಹುದೊಂದು ಬೆಳೆಯಿತು.

“ಇದೇನು ನಕ್ಷೆ? ಕೆರೆ ಇಲ್ಲ, ಬೆಟ್ಟ ಇಲ್ಲ, ದಿಕ್ಕೂ ಇಲ್ಲ. ಸರ್ವೆಯವರು ಕಂಡರೆ ನಿಮ್ಮ ಪೆನ್ಷನ್ ನಿಲ್ಲಿಸ್ತಾರೆ” ಎಂದೆ.

“ಇದು ನೆಲದ ನಕ್ಷೆ ಅಲ್ಲ ಮೇಷ್ಟ್ರೇ, ಮಾತು ಹರಿಯೋ ನಕ್ಷೆ. ಇಲ್ಲಿ ಹತ್ತಿರ ಅಂದ್ರೆ ತಂತಿಯಲ್ಲಿ ಹತ್ತಿರ. ಎದುರು ಮನೆಯವನು ಇಲ್ಲಿ ದೂರದವನಾಗಬಹುದು.” ಮುಳಬಾಗಿಲಿನ ಆಚೆಗೆ ಅವರು ಮೂರು ಚುಕ್ಕಿ ಇಟ್ಟರು. ಆದರೆ ಅವುಗಳನ್ನು ಜೋಡಿಸಲಿಲ್ಲ. “ಇದನ್ನ ಯಾರ ಬಾಯಿಂದಲೂ ಕೇಳಿ ಬರೆಯೋದಿಲ್ಲ. ನಾಳೆ ತಂತಿ ಹಿಡ್ಕೊಂಡು ನಡೆಯೋಣ.”

ಮರುದಿನ ಬಿಸಿಲು ಏರುವ ಮೊದಲೇ, ಮುಖ್ಯರಸ್ತೆಯಿಂದ ಊರಿಗೆ ತಿರುಗುವ ಎರ್ರಗುಂಟೆ ಗೇಟಿನಲ್ಲಿ ಬಸ್ಸಿಳಿದೆವು. ಅಕ್ಕಯಮ್ಮ ವಿಧವೆ. ಒಣಗಿದ ಗಟ್ಟಿ ದೇಹ. ನಮ್ಮನ್ನು ಕಂಡೊಡನೆ ಹಣೆ ಬಡಿದುಕೊಂಡಳು.

“ಏಮಿ ಹೇಳ್ಲಿ ಸಾಮೀ! ಅವನು ಬಸ್‌ಸ್ಟ್ಯಾಂಡಿಗೇ ಬರ್ತೀನಿ ಅಂದ. ಅಲ್ಲಿ ಚನ್ನರಾಯಪ್ಪನ ಆಳುಗಳು ಕೂತಿರ್ತಾರೆ, ಕಟ್ಟೆ ಮೇಲೆ ಬಾ ಅಂದೋಳು ನಾನೇ. ನನ್ನ ನಾಲಿಗೆ ಸೇದೋಗ!”

“ಮಾತಾಡುವಾಗ ಪಕ್ಕದಲ್ಲಿ ಯಾರಿದ್ರು?”

“ಯಾರೂ ಇಲ್ಲ. ಸೊಸೈಟಿ ದೊಡ್ಡವೆಂಕಟಪ್ಪ ಫೋನು ಕೈಗೆ ಕೊಟ್ಟು ಬಾಗಿಲು ಎಳ್ಕೊಂಡು ಹೋದ. ಸಕ್ಕರೆ ಕೊಡೋ ದಿನ, ಹೊರಗೆ ಸಂತೆ ಸಂತೆ. ನಾನು ಸೆರಗು ಅಡ್ಡ ಇಟ್ಕೊಂಡೇ ಮಾತಾಡ್ದೆ. ದೊಡ್ಡವೆಂಕಟಪ್ಪ ಸಾಯಂಕಾಲವೇ ಮದ್ವೆಗೆ ಅಂತ ಮನೆ ಮಂದಿ ಕಟ್ಕೊಂಡು ಮಾಲೂರಿಗೆ ಹೋದೋನು, ಬಂದಿದ್ದು ಸೋಮವಾರ.”

“ನಿಮ್ಮ ಅರ್ಜಿ ಬರೆದವರು ಯಾರಮ್ಮ?”

“ಬಂಡಹಳ್ಳಿ ಪೋಸ್ಟ್‌ಮಾಷ್ಟ್ರು, ಶ್ರೀನಿವಾಸಪ್ಪನೋರು. ನಮ್ಮೆಲ್ಲಾರ್ದೂ ಅವರೇ. ಪುಣ್ಯಾತ್ಮ, ಕೈ ಚಾಚಲಿಲ್ಲ. ಹುಣಸೆತೋಪಿನ ಮಗ್ಗುಲ ಹೊಲಕ್ಕೆ ಅವರೂ ಗೇಣಿ ಅರ್ಜಿ ಹಾಕವ್ರೆ. ನಮ್ ಜೊತೇಲೇ ನಿಲ್ತಾರೆ.”

ಅವಳೇ ನಮ್ಮನ್ನು ಕಟ್ಟೆಗೆ ಕರೆದುಕೊಂಡು ಹೋದಳು. ಕೆರೆಯ ನಡುವೆ ಮಾತ್ರ ಒಂದಿಷ್ಟು ನೀರಿತ್ತು. ಕಟ್ಟೆಯ ಮಧ್ಯದ ಹೊಂಗೆ ಮರದ ಬುಡವನ್ನು ತೋರಿಸಿದಳು.

“ಚಪ್ಪಲಿ ಇಲ್ಲಿತ್ತು ಸಾಮಿ. ಎರಡೂ ಜೋಡಿಸಿ, ಒಂದು ಪಕ್ಕಕ್ಕೆ ಬಿಟ್ಟಿದ್ದ. ಹೆಣ ಎತ್ತಿದಾಗ ಬಾಯಲ್ಲಿ ಇನ್ನೂ ಎಲೆಅಡಿಕೆ ಇತ್ತು.”

ನಾನು ಮನಸ್ಸಿನಲ್ಲೇ ಹರಿಸ್ಮರಣೆ ಮಾಡಿಕೊಂಡು ತಲೆಯೆತ್ತಿದೆ. ಕೆರೆಯ ಆಚೆ ದಡದಲ್ಲಿ ಚನ್ನರಾಯಪ್ಪನ ಹಂಚಿನ ಮನೆ ಕಾಣುತ್ತಿತ್ತು. ಅದರ ಮೂಲೆಗೆ ಟೆಲಿಫೋನ್ ತಂತಿ ಬಂದಿತ್ತು. “ಸುಬ್ಬರಾಯಪ್ಪನವರೇ, ಅಗೋ ನೋಡಿ!” ಎಂದೆ.

ಅವರು ಹಣೆಗೆ ಕೈ ಹಿಡಿದು ಆ ಕಂಬಗಳ ಸಾಲನ್ನು ಬಹಳ ಹೊತ್ತು ನೋಡಿದರು. “ಆ ಸಾಲು ಬಡಗಣಕ್ಕೆ ಹೋಗುತ್ತೆ ಮೇಷ್ಟ್ರೇ, ಶ್ರೀನಿವಾಸಪುರಕ್ಕೆ. ಆ ಮನೆಯವರು ಈ ಸೊಸೈಟಿಗೆ ಫೋನು ಮಾಡಿದ್ರೆ ಮಾತು ಶ್ರೀನಿವಾಸಪುರ, ಕೋಲಾರ, ಮುಳಬಾಗಿಲು ಸುತ್ತಿ ಬರಬೇಕು. ಇಲ್ಲಿ ನಿಂತು ಕೂಗಿದ್ರೆ ಬೇಗ ಕೇಳಿಸುತ್ತೆ.”

ಅಲ್ಲಿಂದ ತಂತಿಯ ಹಿಂದೆ ಹೊರಟೆವು. ರಸ್ತೆ ಬೆಟ್ಟವನ್ನು ಬಳಸಿಕೊಂಡು ಮೋಟುಪಲ್ಲಿಯ ಕಡೆಗೆ ಹೋದರೆ, ಕಂಬಗಳು ರಸ್ತೆ ಬಿಟ್ಟು ಬಂಡೆಯ ಮೇಲಿಂದ ನೇರವಾಗಿ ದಾಟಿದ್ದವು. ನಾನು ಏದುಸಿರು ಬಿಡುತ್ತಾ ಬಂಡೆ ಇಳಿದಾಗ ನಮ್ಮೆದುರು ಬಂಡಹಳ್ಳಿ ಇತ್ತು.

ಪೋಸ್ಟಾಫೀಸೆಂದರೆ ಶ್ರೀನಿವಾಸಪ್ಪನ ಮನೆಯ ಜಗಲಿ. ಬಿಳಿ ಪಂಚೆ, ಬಿಳಿ ಜುಬ್ಬ, ಹಣೆಯಲ್ಲಿ ನಾಮ. ಮಣ್ಣು ಸೋಕದ ಮೆತ್ತನೆಯ ಕೈಗಳಿಂದ ನಮಸ್ಕಾರ ಮಾಡಿ ಚಾಪೆ ಹಾಸಿದರು.

“ಮುನಿರಾಮಪ್ಪ ಹೋಗಿದ್ದು ನಮಗೆಲ್ಲ ಕೈ ಮುರಿದಂಗಾಯ್ತು. ಚನ್ನರಾಯಪ್ಪನಿಗೆ ದೇವರೇ ಕೊಡಬೇಕು” ಎಂದರು. ಫೋನಿನ ಮಾತು ಬಂದಾಗ ನಕ್ಕರು. “ಅದು ಗುರುವಾರದಿಂದ ಹೆಣ ಸಾರ್. ನಾನು ಮುಟ್ಟೇ ಇಲ್ಲ. ಬೇಕಾದ್ರೆ ಎತ್ತಿ ನೋಡಿ.”

ನಾನು ಎತ್ತಿ ಕಿವಿಗಿಟ್ಟೆ. ಉಸಿರಿಲ್ಲ.

ಒಳಗಿನಿಂದ ಅವರ ಹೆಂಡತಿ ಮುನಿಗಂಗಮ್ಮ ಮಜ್ಜಿಗೆ ತಂದಳು. “ಬಿಸಿಲಲ್ಲಿ ಬಂದಿದೀರ, ಊಟ ಮಾಡ್ಕೊಂಡು ಹೋಗಿ. ಬರೀ ತಿಳಿಸಾರು, ಬೇಜಾರು ಮಾಡ್ಕೋಬೇಡಿ. ಹುರುಳಿ ಮೊಳಕೆ ಕಟ್ಟೋಣ ಅಂತ ಶನಿವಾರ ನೆನೆಹಾಕಿದ್ದೆ. ಈ ಮಹರಾಯರು ನೀರು ನೀರು ಅಂತ ಓಡಿ ಬಂದು ಪಾತ್ರೇನೇ ಎತ್ಕೊಂಡೋದ್ರು. ಅರ್ಧ ಕಾಳು ಮಣ್ಣುಪಾಲು.”

“ನಿನ್ನ ಪುರಾಣ ಸಾಕು, ಒಳಗೆ ಹೋಗೇ” ಎಂದರು ಶ್ರೀನಿವಾಸಪ್ಪ.

“ಹೋಗ್ತೀನಿ ಬಿಡಿ. ಈ ಮನೇಲಿ ನಿಜ ಹೇಳಿದ್ರೆ ಪುರಾಣ.”

ಸುಬ್ಬರಾಯಪ್ಪನವರು ಮಜ್ಜಿಗೆ ಮುಗಿಸಿ, ಬಾಯಿ ಮುಕ್ಕಳಿಸುವ ನೆಪದಲ್ಲಿ ಜಗಲಿಯ ಪಕ್ಕಕ್ಕೆ ಹೋದರು. ನಾನೂ ಹೋದೆ. ಒಂಟಿ ತಂತಿಯ ಫೋನಿಗೆ ಅರ್ತ್ ಎಂಬ ಇನ್ನೊಂದು ತಂತಿಯನ್ನು ಭೂಮಿಯಲ್ಲಿ ಹೂತ ಕಬ್ಬಿಣದ ಸಲಾಕೆಗೆ ಕಟ್ಟಿರುತ್ತಾರೆ. ಬೇಸಿಗೆಯಲ್ಲಿ ಆ ಗುಂಡಿ ಒಣಗಿದರೆ ಮಾತು ಕೇಳಿಸುವುದಿಲ್ಲವೆಂದು ಹಳ್ಳಿಗಳಲ್ಲಿ ಅದಕ್ಕೆ ನೀರು ಹೊಯ್ಯುವುದು ವಾಡಿಕೆ. ಗುಂಡಿಯ ಮೇಲ್ಮಣ್ಣು ಒಣಗಿ ಬಿರಿದಿತ್ತು. ಆ ಬಿರುಕುಗಳಲ್ಲಿ ಹಸಿರು ಮೊಳಕೆಗಳು ತಲೆಯೆತ್ತಿದ್ದವು. ಸುಬ್ಬರಾಯಪ್ಪನವರು ಒಂದನ್ನು ಕಿತ್ತು ಬೆರಳಲ್ಲಿ ತಿರುಗಿಸಿ ನೋಡಿ ಹೊರಟರು.

ತಂತಿ ಬಂಡಹಳ್ಳಿಯಿಂದ ಮೋಟುಪಲ್ಲಿಯ ಕಡೆಗೆ ಮುಂದುವರಿದಿತ್ತು. ಅರ್ಧ ದಾರಿಯಲ್ಲಿ ಕಂಬಗಳು ಬೋಳಾಗಿದ್ದವು. ಕದ್ದದ್ದು ಅಲ್ಲಿಯೇ. ಮೋಟುಪಲ್ಲಿ ಆಸ್ಪತ್ರೆಯ ನರ್ಸು ಫೋನಿನ ಮೇಲೆ ಔಷಧದ ಪೆಟ್ಟಿಗೆ ಇಟ್ಟಿದ್ದಳು. “ಗುರುವಾರದಿಂದ ಉಸಿರಿಲ್ಲ ಸಾರ್” ಎಂದಳು.

ಸುಬ್ಬರಾಯಪ್ಪನವರು ರಸ್ತೆಯ ಧೂಳಿನಲ್ಲಿ ಕೂತು, ನಿನ್ನೆ ಬಿಟ್ಟಿದ್ದ ಮೂರು ಚುಕ್ಕಿಗಳನ್ನು ಮತ್ತೆ ಇಟ್ಟು ಕಡ್ಡಿಯಿಂದ ಜೋಡಿಸಿದರು. “ನಾಳೆ ಎಲ್ಲರನ್ನೂ ಬಂಡಹಳ್ಳಿ ಜಗಲಿಗೆ ಕರೆಸೋಕೆ ಕದಿರೇಶನಿಗೆ ಹೇಳಬೇಕು” ಎಂದಷ್ಟೇ ಹೇಳಿದರು.

ಮರುದಿನ ಜಗಲಿ ತುಂಬಿತ್ತು. ಕದಿರೇಶ ಆದಿಲಕ್ಷ್ಮಿಯನ್ನು ಕರೆತಂದಿದ್ದ. ಆಂಜಿನಮ್ಮ ಮಗಳ ಕೈ ಬಿಟ್ಟಿರಲಿಲ್ಲ. ಅಕ್ಕಯಮ್ಮ ಕೆಳಗೆ ಕೂತಿದ್ದಳು. ಚನ್ನರಾಯಪ್ಪ ತನ್ನ ಗುಮಾಸ್ತನೊಡನೆ ಬಂದು ಕುರ್ಚಿ ಎಳೆದುಕೊಂಡ.

“ಏನಯ್ಯಾ ಸುಬ್ಬರಾಯಪ್ಪ, ಚೈನು ಎಳೆಯೋ ಕೆಲಸ ಬಿಟ್ಟು ನ್ಯಾಯ ಎಳೆಯೋಕೆ ಶುರು ಮಾಡಿದೀಯ?”

“ಮುದುಕನನ್ನ ಹೊಡೆಸಿದವರು ನೀವು. ಅದಕ್ಕೆ ಬೇರೆ ದಿನ ಉತ್ತರ ಹೇಳಬೇಕಾಗುತ್ತೆ. ಇವತ್ತು ಸುಮ್ಮನೆ ಕೂತ್ಕೊಳ್ಳಿ” ಎಂದು ಸುಬ್ಬರಾಯಪ್ಪನವರು ಸೀಮೆಸುಣ್ಣ ತೆಗೆದು ಜಗಲಿಯ ಮೇಲೆ ಗೆರೆ ಎಳೆದರು.

“ಮುನಿರಾಮಪ್ಪ ಚಪ್ಪಲಿ ಬಿಟ್ಟು ಕೂತು ಎಲೆಅಡಿಕೆ ಹಾಕ್ಕೊಂಡಿದ್ದ. ಒಮ್ಮೆ ಹೊಡೆತ ತಿಂದವನು. ಚನ್ನರಾಯಪ್ಪನೋ, ಅವನ ಆಳೋ, ಗುಮಾಸ್ತನೋ ಕಂಡಿದ್ದರೆ ಓಡ್ತಿದ್ದ. ಅವನು ಚಪ್ಪಲಿ ಬಿಟ್ಟಿದ್ದು ಮರ್ಯಾದೆಗೆ. ಎಲೆ ತಗೊಂಡಿದ್ದು ನಂಬಿಕೆಯಿಂದ. ಹಾಗಾದ್ರೆ ಅಲ್ಲಿ ಕಾದಿದ್ದವನು ಅವನಿಗೆ ಬೇಕಾದ ದೊಡ್ಡ ಮನುಷ್ಯ. ಆ ಮನುಷ್ಯನಿಗೆ ಕಟ್ಟೆಯ ಮಾತು ಹೇಗೆ ತಿಳೀತು? ಮಾಲೂರು, ಕೋಲಾರದ ಆಪರೇಟರುಗಳು ಕೇಳಿರಬಹುದು. ಆದರೆ ಯಾವ ಗೇಟು, ಯಾವ ಕಟ್ಟೆ ಅಂತ ಅಲ್ಲಿ ಯಾರೂ ಹೇಳಲಿಲ್ಲ. ಅದು ಗೊತ್ತಾಗೋದು ಈ ಸೀಮೆಯವನಿಗೆ ಮಾತ್ರ. ಚನ್ನರಾಯಪ್ಪನ ಫೋನು ಬೇರೆ ತಂತಿ. ಉಳಿದಿದ್ದು ಈ ಮೂರು ಚುಕ್ಕಿ.”

ಕದಿರೇಶ ಬಗ್ಗಿ ನೋಡಿದ. “ಬಂಡಹಳ್ಳಿ ಸತ್ತಿತ್ತಲ್ಲ ಸಾರ್?”

“ರಸ್ತೆ ನೋಡಿದ್ರೆ ಸತ್ತಿರಬೇಕು. ಎರ್ರಗುಂಟೆ, ಆಮೇಲೆ ಮೋಟುಪಲ್ಲಿ, ಕೊನೆಗೆ ಬಂಡಹಳ್ಳಿ. ನಾವೆಲ್ಲ ಬಸ್ಸಿನಲ್ಲಿ ಓಡಾಡೋರು, ತಂತೀನೂ ಬಸ್ಸಿನ ಹಿಂದೆ ಬರುತ್ತೆ ಅಂದ್ಕೋತೀವಿ. ಆದ್ರೆ ತಂತಿ ಬಂಡೆ ದಾಟಿ ಮೊದಲು ಇಲ್ಲಿಗೆ ಬರುತ್ತೆ. ಇಲ್ಲಿಂದ ಮೋಟುಪಲ್ಲಿಗೆ. ನಡುವೆ ಕತ್ತರಿಸಿದ್ರೆ ಸಾಯೋದು ಮೋಟುಪಲ್ಲಿ. ಬಂಡಹಳ್ಳಿ ಬದುಕಿರುತ್ತೆ.”

ಅವರು ಎದ್ದು ಪಕ್ಕದ ಗುಂಡಿಯ ಹತ್ತಿರ ಹೋಗಿ ಮಣ್ಣು ಕೆದರಿದರು. ಸಲಾಕೆಗೆ ಕಟ್ಟಿರಬೇಕಾದ ತಂತಿ ಬಿಚ್ಚಿಕೊಂಡಿತ್ತು. ಅದನ್ನು ಸುತ್ತಿ, ಒಂದು ಚೊಂಬು ನೀರು ಸುರಿದರು. “ಈಗ ಎತ್ತಿ ಮೇಷ್ಟ್ರೇ.”

ನಾನು ಹಿಡಿ ತಿರುಗಿಸಿ ಎತ್ತಿದೆ. “ಹಲೋ, ಮುಳಬಾಗಿಲು” ಎಂಬ ಹೆಣ್ಣುದನಿ ಜಗಲಿಯ ಎಲ್ಲರಿಗೂ ಕೇಳಿಸಿತು.

“ಶನಿವಾರ ಎರ್ರಗುಂಟೆಗೆ ಗಂಟೆ ಹೊಡೆದಾಗ ಇವರೂ ಎತ್ತಿದ್ರು. ಆಗ ಅಕ್ಕಯಮ್ಮನ ದನಿ ಒಂಚೂರು ಇಳೀತು. ಇವರಿಗೆ ಸರಿಯಾಗಿ ಕೇಳಿಸಲಿಲ್ಲ, ಗುಂಡಿ ಒಣಗಿತ್ತು. ಒಳಗೆ ಓಡಿ, ಕೈಗೆ ಸಿಕ್ಕಿದ ಹುರುಳಿ ಪಾತ್ರೆ ತಂದು ಸುರಿದ್ರು. ಕಾಲುವೆಯಲ್ಲಿ ಒಬ್ಬ ತೂಬು ಅಗಲ ಮಾಡಿದ್ರೆ ಕೊನೆ ಹೊಲಕ್ಕೆ ನೀರು ನಿಲ್ಲುತ್ತಲ್ಲ, ಹಾಗಾಯ್ತು. ಮಾತೆಲ್ಲ ಇತ್ತ ಹರೀತು. ಅತ್ತ ಪೂರ್ತಿ ಇಳೀತು. ಅದಕ್ಕೇ ಈ ಹುಡುಗಿ ಬಾಯಿಬಿಟ್ಟು ಹೇಳಬೇಕಾಯ್ತು. ಇವರು ಕದ್ದು ಕೇಳಿದ್ದಕ್ಕೆ ಇವಳು ಕಳ್ಳಿಯಾದಳು. ಆಮೇಲೆ ಅರ್ತ್ ತಂತಿ ಬಿಚ್ಚಿಟ್ಟು, ಗುರುವಾರದಿಂದ ಫೋನು ಮುಟ್ಟೇ ಇಲ್ಲ ಅಂದ್ರಿ ಶ್ರೀನಿವಾಸಪ್ಪನವರೇ. ಗುಂಡಿಯಲ್ಲಿ ಶನಿವಾರದ ಹುರುಳಿ ಮೊಳೆತಿದೆ.”

ಬಾಗಿಲಲ್ಲಿ ನಿಂತಿದ್ದ ಮುನಿಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಅಕ್ಕಯಮ್ಮ ಎದ್ದುನಿಂತಳು. “ಇಲ್ಲ ಸಾಮಿ. ಇವರು ನಮ್ಮೋರು. ಮುನಿರಾಮಪ್ಪ ಇವರಿಗೂ ಸಾಕ್ಷಿ ತಾನೇ?”

“ಅವನು ನಿಜ ಹೇಳ್ತಾನೆ ಅಂದಾಗ ನಾವೆಲ್ಲ ಚನ್ನರಾಯಪ್ಪನಿಗೆ ಮಾತ್ರ ಭಯ ಅಂದ್ಕೊಂಡ್ವಿ. ಹುಣಸೆತೋಪಿನ ಪಕ್ಕದ ಹೊಲ ಇವರು ಯಾವತ್ತಾದ್ರೂ ಉತ್ತಿದ್ದು ನೀನು ಕಂಡಿದೀಯೇನಮ್ಮ?”

ಅಕ್ಕಯಮ್ಮ ಆ ಬಿಳಿ ಪಂಚೆಯನ್ನು, ಆ ಕೈಗಳನ್ನು ಹೊಸದಾಗಿ ನೋಡುವವಳಂತೆ ನೋಡಿದಳು.

ಶ್ರೀನಿವಾಸಪ್ಪ ಗೋಡೆಗೆ ತಲೆಯಿಟ್ಟರು. “ಕೊಲ್ಲೋಕೆ ಅಂತ ಹೋಗ್ಲಿಲ್ಲ. ಬೇಡಿಕೊಂಡೆ. ಎಲೆ ಮಡಿಸಿ ಕೊಟ್ಟು ಕೇಳ್ಕೊಂಡೆ, ನಾನೂ ಉಳ್ತಿದ್ದೆ ಅಂತ ಒಂದು ಮಾತು ಹೇಳು ಅಂತ. ‘ನಿಮಗೋಸ್ಕರ ಒಂದು ಸುಳ್ಳು ಹೇಳಿದ್ರೆ ಅಕ್ಕಯಮ್ಮನ ನಿಜವನ್ನ ಯಾರು ನಂಬ್ತಾರೆ ಬುದ್ಧೀ’ ಅಂದ. ಅಂದು ಚಪ್ಪಲಿ ಹಾಕ್ಕೊಳ್ಳೋಕೆ ಬಗ್ಗಿದ. ನನ್ನ ಕೈಯಲ್ಲಿ ಕಲ್ಲಿತ್ತು.”

ಕದಿರೇಶ ಮೊದಲು ಆದಿಲಕ್ಷ್ಮಿಯ ಹತ್ತಿರ ಹೋಗಿ, ತಲೆ ತಗ್ಗಿಸಿ, “ನೀನು ಮನೆಗೆ ಹೋಗಮ್ಮ” ಎಂದ. ಆಮೇಲೆ ಶ್ರೀನಿವಾಸಪ್ಪನ ಕೈ ಹಿಡಿದ.

ಅಕ್ಕಯಮ್ಮನ ವಿಚಾರಣೆ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಆದಿಲಕ್ಷ್ಮಿಯನ್ನು ಎಕ್ಸ್‌ಚೇಂಜಿನವರು ಕೆಲಸಕ್ಕೆ ಕರೆದುಕೊಂಡರು. ಕೆಲವು ತಿಂಗಳ ಮೇಲೆ ನಾನು ಒಂದು ಟ್ರಂಕ್ ಕಾಲ್ ಬುಕ್ ಮಾಡಲು ಅಲ್ಲಿಗೆ ಹೋಗಿದ್ದೆ. ಅವಳು ಎರ್ರಗುಂಟೆಗೆ ಯಾರಿಗೋ ಜೋಡಿಸುತ್ತಿದ್ದಳು.

“ಲೈನಿನಲ್ಲಿದೀರಾ? ಈ ತಂತಿಯಲ್ಲಿ ಬೇರೆಯವರೂ ಕೇಳ್ತಾರೆ. ಪ್ರಾಣದ ಮಾತಿದ್ರೆ ಇಲ್ಲಿ ಆಡ್ಬೇಡಿ, ಮನುಷ್ಯರನ್ನ ಕಳ್ಸಿ. ಈಗ ಮಾತಾಡಿ.”

ಹಿಂದಿನಿಂದ ಸೂಪರ್‌ವೈಸರ್, “ಹಾಗೆಲ್ಲ ಹೇಳೋಕೆ ರೂಲ್ಸ್ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕಮ್ಮ?” ಎಂದು ಗೊಣಗಿದರು.

“ಗೊತ್ತು ಸಾರ್” ಎಂದಳು ಆದಿಲಕ್ಷ್ಮಿ. ಮುಂದಿನ ಕರೆ ಬಂಡಹಳ್ಳಿಯದು. ಅದಕ್ಕೂ ಅದೇ ಮಾತು ಹೇಳಿ ಜೋಡಿಸಿದಳು.